ಟು ಇದ್ದ ಜಾಗ

ಒವನ್ನಿನ ಬಾಗಿಲು ತೆಗೆದಾಗ ಬೆಳಿಗ್ಗೆ ಒಂಬತ್ತು ಗಂಟೆ ಐದು ನಿಮಿಷ.

ಪೀಣ್ಯದ ಆ ಕಾರ್ಖಾನೆಯಲ್ಲಿ ಕಬ್ಬಿಣದ ಸಾಮಾನಿಗೆ ಪೌಡರ್ ಬಣ್ಣ ಹೊಡೆದು ಒವನ್ನಿನಲ್ಲಿ ಕಾಯಿಸುತ್ತಾರೆ. ಒವನ್ ಎಂದರೆ ಕೇಕ್ ಬೇಯಿಸುವ ಡಬ್ಬಿಯಲ್ಲ. ಇಪ್ಪತ್ತಡಿ ಉದ್ದದ ತಗಡಿನ ಕೋಣೆ. ಒಳಗೆ ಇನ್ನೂರು ಡಿಗ್ರಿ ಶಾಖ. ಮೊದಲು ಅರ್ಧ ಗಂಟೆ ಖಾಲಿ ಕೋಣೆಯನ್ನೇ ಕಾಯಿಸಿ, ಆಮೇಲೆ ಸಾಮಾನಿನ ಟ್ರಾಲಿ ತಳ್ಳುವುದು ಪದ್ಧತಿ. ಅಂದು ಟ್ರಾಲಿ ತಂದ ಈಶಪ್ಪ ಬಾಗಿಲಿನ ಹಿಡಿ ಎಳೆದ. ಬಾಗಿಲಿಗೇ ಒರಗಿದ್ದ ಹನುಮೇಶ ಅವನ ಕಾಲ ಮೇಲೆ ಬಿದ್ದ. ಜೀವ ಆಗಲೇ ಹೋಗಿತ್ತು.

ಹನುಮೇಶನಿಗೆ ಇಪ್ಪತ್ತಾರು ವರ್ಷ. ಈಶಪ್ಪನ ಹೆಂಡತಿಯ ಒಡಹುಟ್ಟಿದ ತಮ್ಮ. ಎಂಟೂವರೆಗೆ ಬಂದು ಒವನ್ನಿನ ಸ್ವಿಚ್ ಒತ್ತಿದವನು ಈಶಪ್ಪ.

ಠಾಣೆಯ ಜೀಪು ಬಂತು. ಇನ್ಸ್‌ಪೆಕ್ಟರ್ ಸಾಹೇಬರು ಇಳಿದರು, ಹಿಂದೆ ಎ.ಎಸ್.ಐ. ಆವಲಪ್ಪ ಇಳಿದ. ಸಾಹೇಬರದು ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಸ್ವಭಾವ. ಹತ್ತು ನಿಮಿಷದಲ್ಲಿ ಅವರಿಗೆ ಎಲ್ಲವೂ ಗೊತ್ತಾಗಿ ಹೋಯಿತು. ಆವಲಪ್ಪನಿಗೆ ಏನೂ ಗೊತ್ತಾಗಲಿಲ್ಲ, ಹಾಗಾಗಿ ಅವನು ಸುಮ್ಮನೆ ಸುತ್ತ ನೋಡುತ್ತ ನಿಂತ. ನಿವೃತ್ತಿಗೆ ಎರಡು ವರ್ಷ ಉಳಿದವನಿಗೆ ಅವಸರವೇನು?

ಒವನ್ನಿನ ಬಾಗಿಲಿನ ಒಳಮೈಯಲ್ಲಿ ಒಂದು ಕೆಂಪು ಗುಂಡಿ. ಒಳಗೆ ಸಿಕ್ಕಿಕೊಂಡವರು ಒತ್ತಿದರೆ ಬಾಗಿಲು ತೆರೆಯಬೇಕು. ಆ ಗುಂಡಿ ವೈರಿನ ತುದಿಯಲ್ಲಿ ಜೋತಾಡುತ್ತಿತ್ತು. ಅದರ ಸುತ್ತ ತಗಡಿನ ಮೇಲೆ ಬೆರಳಿನ ಗುರುತುಗಳು. ಆವಲಪ್ಪ ಅಲ್ಲಿಂದ ಕಣ್ಣು ತೆಗೆದ.

ಒವನ್ನಿನ ಮೂಲೆ ತಿರುಗಿದರೆ ಸ್ವಿಚ್ಚಿನ ಪೆಟ್ಟಿಗೆ. ಅದರ ಪಕ್ಕ ಬಿಳಿ ಬೋರ್ಡು. ವಿದೇಶದ ಗಿರಾಕಿಗಳಿಗೆ ಮಾಲು ಮಾಡುವ ಕಾರ್ಖಾನೆಯಾದ್ದರಿಂದ ಬೋರ್ಡಿನ ಬರಹವೆಲ್ಲ ಇಂಗ್ಲಿಷಿನಲ್ಲೇ ಇರಬೇಕೆಂಬ ಕಟ್ಟುನಿಟ್ಟು. ಅದರ ಮೇಲೆ ನೀಲಿ ಮಾರ್ಕರಿನಲ್ಲಿ ಒಂದೇ ಸಾಲು:

HANUMESH 7.40 STOPPED     CLEANINGOVEN

"ಓದಿ ನೋಡಿ ಸಾರ್," ಎಂದ ಸೂಪರ್‌ವೈಸರ್ ನಂದೀಶ್. ಇಸ್ತ್ರಿ ಮಾಡಿದ ಶರ್ಟಿನ ಅಚ್ಚುಕಟ್ಟು ಮನುಷ್ಯ. "ಕ್ಲೀನ್ ಮಾಡೋದ್ ನಿಲ್ಲಿಸ್ದೆ ಅಂತ ಅವ್ನೇ ಬರ್ದಿದಾನೆ. ಮುಗ್ಸಿ ಆಚೆ ಬಂದೋನು ಮತ್ತೆ ಒಳಗೆ ಯಾಕ್ ಹೋದ? ಯಾರೋ ಕರ್ದಿರ್ಬೇಕು."

"ಯಾರು?"

ನಂದೀಶನ ಕಣ್ಣು ಈಶಪ್ಪನ ಕಡೆ ಹೋಯಿತು.

"ಆ ಕೆಂಪು ಗುಂಡಿ?" ಎಂದ ಆವಲಪ್ಪ.

"ಇವತ್ತೇ ಕಿತ್ತೋಗಿದೆ ಸಾರ್. ಪಾಪ, ಎಳೆದಾಡಿರ್ಬೇಕು."

"ನೀವ್ ಎಷ್ಟೊತ್ತಿಗ್ ಬಂದ್ರಿ?"

"ಎಂಟೂ ಕಾಲಿಗೆ. ಆಫೀಸಲ್ಲೇ ಇದ್ದೆ. ಈ ಕಡೆ ಬಂದಿದ್ದು ಕೂಗಾಟ ಕೇಳಿದ್ಮೇಲೆ."

"ಈ ಬೋರ್ಡ್ ಮುಟ್ಟಿದ್ರಾ?"

"ಇಲ್ಲ ಸಾರ್. ಇವತ್ತು ಅದರ ಹತ್ರಾನೂ ಹೋಗಿಲ್ಲ."

"ಬರ್ದ್ಕೊಡಿ," ಎಂದ ಆವಲಪ್ಪ. ನಂದೀಶ್ ಬರೆದು ಸಹಿ ಹಾಕಿದ.

ಅಷ್ಟರಲ್ಲಿ ಕಾರ್ಖಾನೆಯ ಎಚ್.ಆರ್. ಮ್ಯಾನೇಜರ್ ನರೇಶ್ ಡಸ್ಟರ್ ಹಿಡಿದು ಓಡಿಬಂದ. "ಗುರುವಾರ ಫಾರಿನ್ ಆಡಿಟ್ ಇದೆ ಸಾರ್. ಇದನ್ನೆಲ್ಲ ಒರೆಸಿ ಕ್ಲೀನ್ ಮಾಡ್ಬೇಕು."

ಆವಲಪ್ಪ ಅವನ ಮಣಿಕಟ್ಟು ಹಿಡಿದುಕೊಂಡ. ಸತ್ತವನ ಮೈ ಇನ್ನೂ ಆರಿಲ್ಲ, ಇವನಿಗೆ ಆಡಿಟ್ಟಿನ ಚಿಂತೆ. ಈ ಅವಸರ ಅವನಿಗೆ ಒಂಚೂರೂ ಹಿಡಿಸಲಿಲ್ಲ. ಬೋರ್ಡನ್ನು ಗೋಡೆಯಿಂದ ಬಿಚ್ಚಿಸಿ, ಬಟ್ಟೆ ಸುತ್ತಿಸಿ, ಜೀಪಿಗೆ ಹಾಕಿಸಿದ. ಸಾಹೇಬರು ನಕ್ಕರು. "ನಿನಗೆ ಇಂಗ್ಲಿಷ್ ಬರಲ್ಲ, ಬೋರ್ಡ್ ಇಟ್ಕೊಂಡು ಏನ್ ಮಾಡ್ತೀಯಯ್ಯ?"

ಮಾತು ನಿಜ. ಇಂಗ್ಲಿಷ್ ಅಂದರೆ ಆವಲಪ್ಪನಿಗೆ ಎದೆ ಡವಗುಟ್ಟುತ್ತಿತ್ತು. ಕೋರ್ಟಿನಲ್ಲಿ ವಕೀಲರು ಬೇಕೆಂದೇ ಇಂಗ್ಲಿಷಿನಲ್ಲಿ ಕೇಳಿ ಅವನ ಮರ್ಯಾದೆ ಕಳೆದದ್ದು ಒಂದೆರಡು ಸಲವಲ್ಲ. ಆದರೆ ಬಲ್ಲವರೆಲ್ಲ ಆ ಸಾಲನ್ನು ಸರಸರ ಓದಿಕೊಂಡು ಹೋದರು. ಬಾರದ ಆವಲಪ್ಪ ಅಕ್ಷರ ಅಕ್ಷರ ನೋಡಿದ. ಒಂದು ಕಡೆ ಎರಡು ಅಕ್ಷರ ಹಿಡಿಸುವಷ್ಟು ಜಾಗ ಸುಮ್ಮನೆ ಬಿಟ್ಟಿತ್ತು. ಇನ್ನೊಂದು ಕಡೆ ಸೂಜಿ ಹೋಗುವಷ್ಟೂ ಜಾಗವಿರಲಿಲ್ಲ. ಬರೆಯುವ ಕೈ ಹೀಗೆ ಬರೆಯುವುದಿಲ್ಲ, ಅಷ್ಟು ಅವನಿಗೆ ಗೊತ್ತು.

ಗೇಟಿನಲ್ಲಿ ಇನ್ನೊಂದು ಸಂಗತಿ ಸಿಕ್ಕಿತು. ಹನುಮೇಶ ಒಳಗೆ ಬಂದದ್ದು ಏಳು ಮೂವತ್ತೆರಡಕ್ಕೆ. ಒವನ್ ಗುಡಿಸಿ ಒರೆಸಲು ಒಂದು ಗಂಟೆ ಬೇಕಂತೆ. ಎಂಟು ನಿಮಿಷದಲ್ಲಿ ಮುಗಿಸಿದನೇ?

* * *

ಠಾಣೆಯಲ್ಲಿ ಈಶಪ್ಪ ಗೋಡೆಗೆ ಒರಗಿ ಕುಳಿತಿದ್ದ. ಏನು ಕೇಳಿದರೂ ಒಂದೇ ಮಾತು.

"ಟೂ ಇರಲಿಲ್ರಿ... ಟೂ ಇರಲಿಲ್ರಿ ಸಾಹೇಬ್ರ..."

"ಕೇಳಿದ್ಯಾ?" ಎಂದರು ಇನ್ಸ್‌ಪೆಕ್ಟರ್. "ಭಾವ ಮೈದ ಜಗಳ ಆಡಿ ಟೂ ಬಿಟ್ಟಿರಲಿಲ್ಲ ಅಂತಾನೆ. ಸುಳ್ಳು. ಓನರಮ್ಮ ಹೇಳಿಕೆ ಕೊಟ್ಟವ್ಳೆ."

ಓನರಮ್ಮ ಎಂದರೆ ಬಾಗಲಗುಂಟೆಯ ವೆಂಕಟಮ್ಮ. ಈಶಪ್ಪ, ಅವನ ಹೆಂಡತಿ ಮಲಕವ್ವ, ಹನುಮೇಶ ಮೂವರೂ ಆಕೆಯ ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿದ್ದರು. ಹಿಂದಿನ ಸಂಜೆ ಭಾವ ಮೈದುನರಿಗೆ ಜಗಳವಾಯಿತಂತೆ. ಗೋಡೆಯಾಚೆಯಿಂದ ಈಶಪ್ಪ ಕೂಗಿದ್ದು ವೆಂಕಟಮ್ಮನ ಕಿವಿಗೆ ಬಿತ್ತಂತೆ: ಸುಟ್ಟುಬಿಡ್ತೀನಿ.

ಇನ್ನೇನು ಬೇಕು? ಸುಟ್ಟುಬಿಡ್ತೀನಿ ಅಂದ, ಬೆಳಗಾದ ಮೇಲೆ ಸುಟ್ಟ. ಸಾಹೇಬರು ಕೇಸು ಬರೆಯಲು ಕುಳಿತರು.

ಹೊರಗೆ ಬೆಂಚಿನ ಮೇಲೆ ಮಲಕವ್ವ ಇದ್ದಳು. ಗಾರ್ಮೆಂಟಿನ ಕೆಲಸದಿಂದ ಹಾಗೇ ಎದ್ದು ಬಂದಿದ್ದಳು, ಕುತ್ತಿಗೆಯಲ್ಲಿ ಅಳತೆಯ ಟೇಪು ಇನ್ನೂ ಇತ್ತು. ಅಳುತ್ತಿರಲಿಲ್ಲ. ಆವಲಪ್ಪನನ್ನು ಕಂಡು ಎದ್ದು ನಿಂತಳು.

"ನನ್ನ ತಮ್ಮನ್ನ ನನ್ನ ಗಂಡನೇ ಸುಟ್ಟಾನೇನ್ರಿ? ಅದೊಂದು ಹೇಳ್ರಿ ನನಗ. ಸಂಜೀಕ ನಮ್ಮೂರು ಯಲಬುರ್ಗಾಕ್ಕ ಹೆಣಾ ಒಯ್ಯಬೇಕು. ಅವ್ವ ಬಾಗಲಾಗ ನಿಂತಿರ್ತಾಳ. ಯಾರು ಕೊಂದ್ರು ಅಂತ ಕೇಳ್ತಾಳ. ನಾ ಏನ್ ಹೇಳ್ಲಿ?"

ಆವಲಪ್ಪನಿಗೂ ಇಬ್ಬರು ಹೆಣ್ಣುಮಕ್ಕಳು. "ಸಂಜೆ ತಂಕ ಟೈಮ್ ಕೊಡವ್ವ," ಎಂದ. "ಜಗಳ ಯಾತಕ್ಕೆ ಆಯ್ತು? ನಿಂಗೇನಾದ್ರೂ ಗೊತ್ತಾ?"

"ನಾ ಮನ್ಯಾಗ ಇರಲಿಲ್ರಿ. ತಮ್ಮ ಇಂಗ್ಲಿಷ್ ಕ್ಲಾಸಿಗೆ ಹೊಂಟಿದ್ದ. ಅದು ಇವರಿಗೆ ಆಗ್ತಿರಲಿಲ್ಲ. ಇಂಗ್ಲಿಷ್ ಕಲ್ತು ಇಬ್ಬರ ನೌಕ್ರಿನೂ ಕಳೀತಾನ ಅಂತಿದ್ರು."

ಇಂಗ್ಲಿಷ್ ಕಲಿತು ನೌಕರಿ ಸಿಕ್ಕವರನ್ನು ಆವಲಪ್ಪ ಕಂಡಿದ್ದ. ಕಳೆದುಕೊಂಡವರನ್ನು ಕಂಡಿರಲಿಲ್ಲ. ಬೈಕು ಹತ್ತಿ ಬಾಗಲಗುಂಟೆಗೆ ಹೊರಟ.

* * *

ಹನುಮೇಶನ ಟ್ರಂಕಿನಲ್ಲಿ ಒಂದು ನೋಟ್‌ಬುಕ್ಕು ಸಿಕ್ಕಿತು. ರಟ್ಟಿನ ಮೇಲೆ ಕ್ಲಾಸಿನ ಹೆಸರು, ಟೀಚರ್ ಶಾಂಭವಿಯ ಫೋನ್ ನಂಬರು. ಆಕೆ ಹಗಲು ಖಾಸಗಿ ಶಾಲೆಯೊಂದರಲ್ಲಿ ಪಾಠ ಮಾಡಿ, ಸಂಜೆ ಬೇಕರಿಯ ಮೇಲಿನ ಕೋಣೆಯಲ್ಲಿ ಕಾರ್ಖಾನೆಯವರಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದಳು. ಆವಲಪ್ಪ ಫೋನ್ ಮಾಡಿ ಶಾಲೆಗೇ ಹೋದ. ಸುದ್ದಿ ಕೇಳಿ ಆಕೆ ಮೆಟ್ಟಿಲ ಮೇಲೇ ಕುಳಿತಳು. ಆವಲಪ್ಪ ನೀರು ಕೊಟ್ಟ. ಆಮೇಲೆ ತನ್ನ ಫೋನಿನಲ್ಲಿ ತೆಗೆದುಕೊಂಡಿದ್ದ ಬೋರ್ಡಿನ ಫೋಟೋ ತೋರಿಸಿದ.

ಆಕೆ ನೋಡಿದಳು. ಹುಬ್ಬು ಗಂಟಿಕ್ಕಿತು.

"ಇದು ಅವನು ಬರ್ದಿದ್ದಲ್ಲ ಸಾರ್."

"ಕೈಬರಹ ಅವನ್ದಲ್ವಾ?"

"ಕೈಬರಹ ಅವನ್ದೇ. ಆದ್ರೆ ಆ ಕ್ಲೀನಿಂಗ್ ಕೊನೇಲಿ ಐ ಎನ್ ಜಿ, ಇಂಗ್ ಇದೆಯಲ್ಲ, ಅದು ಅವನಿಗೆ ಬರಲ್ಲ. ಆ ಪಾಠ ಇನ್ನೂ ಮಾಡಿಲ್ಲ. ಬರೋ ಸೋಮವಾರ ಮಾಡ್ಬೇಕಿತ್ತು." ಆಕೆ ನೋಟ್‌ಬುಕ್ ತಿರುವಿದಳು. "ನೋಡಿ, ನಲವತ್ತು ಪುಟ ಇದೆ. ಒಂದೇ ಒಂದು ಇಂಗ್ ಹುಡುಕಿ. ಸಿಕ್ಕಲ್ಲ."

"ಮತ್ತೆ ಏನ್ ಕಲ್ತಿದ್ದ?"

"ಟು." ಆಕೆಯ ಕಣ್ಣು ತುಂಬಿಕೊಂಡಿತು. "ಎರಡು ವಾರದಿಂದ ಅದೊಂದೇ. ಇವರಿಗೆ ಸುಲಭ ಆಗ್ಲಿ ಅಂತ ಒಂದು ಸೂತ್ರ ಹೇಳಿದ್ದೆ. ಮಾಡಕ್ಕೆ, ಹೋಗಕ್ಕೆ, ನೋಡಕ್ಕೆ ಅಂತ ನಾವು ಅಂತೀವಲ್ಲ, ಆ ಅಕ್ಕೆ ಬಂದ್ರೆ ಇಂಗ್ಲಿಷಲ್ಲಿ ಟು ಹಾಕಿ. ಅವನು, ನಮ್ಮ ಕಡೆ ಮಾಡಾಕ, ಹೋಗಾಕ ಅಂತೀವಿ ಮೇಡಂ, ಆಕ ಬಂದ್ರೂ ಟು ಹಾಕ್ಬೋದಾ ಅಂದ. ಕ್ಲಾಸೆಲ್ಲ ನಕ್ಕಿತ್ತು. ಆಮೇಲೆ ಸಿಕ್ಕಿದ್ದಕ್ಕೆಲ್ಲ ಟು ಹಾಕೋಕ್ ಶುರು ಮಾಡ್ದ. ಎಲ್ಲಿ ಹಾಕ್ಬಾರ್ದು ಅಂತ ಹೇಳೋದ್ರಲ್ಲಿ ನನಗೆ ಸಾಕಾಯ್ತು."

"ಅಂಗಾದ್ರೆ ಇಲ್ಲಿ ಏನ್ ಬರ್ದಿರ್ತಾನೆ ಅಂತೀರಮ್ಮ?"

ಶಾಂಭವಿ ಪೆನ್ನು ತೆಗೆದು ಎರಡು ಸಾಲು ಬರೆದಳು. ಒಂದು, ಸ್ಟಾಪ್ಡ್ ಟು ಕ್ಲೀನ್. ಇನ್ನೊಂದು, ಸ್ಟಾಪ್ಡ್ ಕ್ಲೀನಿಂಗ್.

"ಟು ಇದ್ರೆ ಕ್ಲೀನ್ ಮಾಡಕ್ಕೆ ನಿಲ್ಲಿಸ್ದೆ ಅಂತ. ಅಂದ್ರೆ ಒವನ್ ನಿಲ್ಸಿದೀನಿ, ಒಳಗೆ ಕೆಲ್ಸ ಮಾಡ್ತಿದೀನಿ. ಟು ತೆಗೆದು ಇಂಗ್ ಸೇರಿಸಿದ್ರೆ, ಕ್ಲೀನ್ ಮಾಡೋದನ್ನೇ ನಿಲ್ಲಿಸ್ದೆ ಅಂತ. ಅಂದ್ರೆ ಒಳಗೆ ಯಾರೂ ಇಲ್ಲ. ಎರಡಕ್ಕೂ ಭೂಮಿಗೂ ಆಕಾಶಕ್ಕೂ ಇರೋಷ್ಟು ವ್ಯತ್ಯಾಸ ಸಾರ್."

ಬೋರ್ಡಿನಲ್ಲಿ ಬಿಟ್ಟ ಜಾಗ ಎರಡಕ್ಷರದ್ದು. ಕೊನೆಗೆ ತುರುಕಿದ್ದು ಮೂರಕ್ಷರ. ಒಳಗೆ ಮನುಷ್ಯ ಪೊರಕೆ ಹಿಡಿದು ಬಗ್ಗಿ ನಿಂತಿದ್ದಾಗ ಹೊರಗೆ ಯಾರೋ ಸಮಾಧಾನವಾಗಿ ನಿಂತು ವಾಕ್ಯ ತಿದ್ದಿದ್ದರು.

"ಇಂಗ್ಲಿಷ್ ಯಾಕ್ ಕಲೀತಿದ್ದ?"

"ಒಂದು ಪತ್ರ ಬರೆಯೋಕೆ." ಶಾಂಭವಿ ಫೋನಿನಲ್ಲಿ ಒಂದು ಹಾಳೆಯ ಫೋಟೋ ತೋರಿಸಿದಳು. "ತಿದ್ದಿಕೊಡಿ ಅಂತ ಮೊನ್ನೆ ಕಳಿಸಿದ್ದ. ಗುರುವಾರ ಬರೋ ಆಡಿಟ್‌ನವರ ಕೈಗೆ ಕೊಡೋಕೆ. ಒವನ್ನಿನ ಒಳಗಿನ ಗುಂಡಿ ಏಳು ತಿಂಗಳಿಂದ ಕೆಟ್ಟಿದೆ, ಒಳಗಿಂದ ಬಾಗಿಲು ತೆಗೆಯಕ್ಕೆ ಆಗಲ್ಲ ಅಂತ ಬರ್ದಿದಾನೆ. ಕೆನಾಟ್ ಟು ಓಪನ್ ಅಂತ. ಕೆನಾಟ್ ಆದ್ಮೇಲೆ ಟು ಬರಲ್ಲ ಕಣೋ ಅಂತ ನಾನು ಹೊಡೆದುಹಾಕ್ದೆ." ಆಕೆ ಮುಖ ಮುಚ್ಚಿಕೊಂಡಳು. "ಬಾಗಿಲು ತೆಗೆಯಕ್ಕೆ ಆಗಲ್ಲ ಅಂತ ಹುಡುಗ ಬರೆದ್ರೆ ನಾನು ವ್ಯಾಕರಣ ನೋಡ್ತಾ ಕೂತಿದ್ದೆ ಸಾರ್."

ಏಳು ತಿಂಗಳು. ಇವತ್ತೇ ಕಿತ್ತೋಗಿದೆ ಎಂದಿದ್ದ ನಂದೀಶ್.

* * *

ಆವಲಪ್ಪ ಠಾಣೆಗೆ ಬಂದವನೇ ಈಶಪ್ಪನ ಎದುರು ಕುಕ್ಕರುಗಾಲಲ್ಲಿ ಕುಳಿತ.

"ಟೂ ಇರ್ಲಿಲ್ಲ ಅಂದ್ಯಲ್ಲಪ್ಪ. ಯಾವ ಟೂ? ಬೋರ್ಡಿನ್ದಾ?"

ಬೆಳಗಿನಿಂದ ಮೊದಲ ಸಲ ಈಶಪ್ಪ ತಲೆ ಎತ್ತಿದ. "ಹೌದ್ರಿ. ನನಗ ಇಂಗ್ಲಿಷ್ ಬರಂಗಿಲ್ರಿ. ಒವನ್ ನೋಡ್ಕೊಳ್ಳಾವ್ರು ನಾನು, ಹನುಮೇಶ ಇಬ್ಬರ. ನಂದೀಶ್ ಸಾಹೇಬ್ರು ನಮ್ಮಿಬ್ಬರಿಗೂ ಹೇಳ್ಯಾರ. ಬೋರ್ಡಿನ್ಯಾಗ ಟೂ ಕಂಡ್ರ ಒಳಗ ಮನಷ್ಯಾ ಅದಾನ, ಸ್ವಿಚ್ ಮುಟ್ಟಬ್ಯಾಡ. ಟೂ ಇಲ್ಲಾಂದ್ರ ಒತ್ತು. ಬಾಗಲಾ ಮುಚ್ಚಿತ್ತು. ಬೋರ್ಡಿನ್ಯಾಗ ಟೂ ಇರಲಿಲ್ರಿ. ಒತ್ತಿದೆ."

"ನಿನ್ನೆ ಸುಟ್ಟುಬಿಡ್ತೀನಿ ಅಂದಿದ್ದು?"

"ಆ ಪತ್ರಾರಿ. ಅದನ್ನ ಕೊಟ್ರ ಇಬ್ಬರ ನೌಕ್ರಿನೂ ಹೊಕ್ಕಾವು ಅಂತ ಹೆದರಿದ್ದೆ. ಸುಟ್ಟುಬಿಡ್ತೀನಿ ಅಂದೆ, ಸ್ಟೋವಿನ ಮ್ಯಾಲ ಸುಟ್ಟೂ ಬಿಟ್ಟೆ. ಸುಡು ಮಾವ, ಮೇಡಂ ಹತ್ರ ಇನ್ನೊಂದೈತಿ ಅಂತ ನಕ್ಕ."

ಆವಲಪ್ಪ ಬೋರ್ಡಿಗೆ ಸುತ್ತಿದ್ದ ಬಟ್ಟೆ ಬಿಚ್ಚಿದ. ಖಾಲಿ ಜಾಗದ ಹತ್ತಿರ ಕಣ್ಣು ಒಯ್ದ. ಒರೆಸಿದ್ದು ಡಸ್ಟರಿನಿಂದಲ್ಲ. ಮಸುಕು ನೀಲಿಯಲ್ಲಿ ಒಂದು ಬೆರಳಿನ ಗೆರೆಗಳು ಹಾಗೇ ಕುಳಿತಿದ್ದವು. ಬೆರಳಚ್ಚಿನವರಿಗೆ ಫೋನ್ ಮಾಡಿ, ನರೇಶನನ್ನೂ ನಂದೀಶನನ್ನೂ ಠಾಣೆಗೆ ಕರೆಸಿದ.

ಮೊದಲು ನರೇಶ. ಅವಸರದಲ್ಲಿ ಡಸ್ಟರ್ ತಂದ ಮನುಷ್ಯ, ಅನುಮಾನ ಅವನ ಮೇಲೂ ಇತ್ತು. ಆವಲಪ್ಪ ಶಾಂಭವಿ ಬರೆದ ಎರಡು ಸಾಲಿನ ಚೀಟಿ ಕೊಟ್ಟು ಅರ್ಥ ಕೇಳಿದ.

ನರೇಶ ಓದಿದ. "ಒಂದು, ಕ್ಲೀನ್ ಮಾಡಕ್ಕೆ ನಿಲ್ಲಿಸ್ದ. ಇನ್ನೊಂದು, ಕ್ಲೀನ್ ಮಾಡೋದ್ ನಿಲ್ಲಿಸ್ದ. ಉಲ್ಟಾ ಅರ್ಥ." ಮುಖದ ಬಣ್ಣ ಹೋಯಿತು. "ಸಾರ್... ಬೋರ್ಡಲ್ಲಿ ಟು ಇತ್ತಾ?"

"ಕೂತ್ಕೊಳಿ," ಎಂದ ಆವಲಪ್ಪ.

ಆಮೇಲೆ ನಂದೀಶ್. ಅದೇ ಚೀಟಿ, ಅದೇ ಪ್ರಶ್ನೆ. ನಂದೀಶ್ ಚೀಟಿ ನೋಡಿದ, ಆವಲಪ್ಪನನ್ನು ನೋಡಿದ, ನಕ್ಕ.

"ಎರಡೂ ಒಂದೇ ಸಾರ್. ಸುಮ್ನೆ ಗ್ರಾಮರ್ ವ್ಯತ್ಯಾಸ."

"ಟು ಇದ್ರೂ ಒಂದೇ, ಇಲ್ದಿದ್ರೂ ಒಂದೇ?"

"ಒಂದೇ ಸಾರ್. ನಮ್ ಹುಡುಗ್ರಿಗೆ ಅದೆಲ್ಲ ಎಲ್ಲಿ ತಿಳಿಯುತ್ತೆ?"

"ಬರ್ದ್ಕೊಡಿ."

ಈ ಸಲ ನಂದೀಶನ ಕೈ ಒಂದು ಕ್ಷಣ ತಡೆಯಿತು. ಆದರೂ ಬರೆದ. ಆವಲಪ್ಪ ಆ ಕಾಗದವನ್ನು ಇನ್ಸ್‌ಪೆಕ್ಟರ್ ಸಾಹೇಬರ ಮುಂದಿಟ್ಟು, ಹನುಮೇಶನ ನೋಟ್‌ಬುಕ್ಕಿನ ಹನ್ನೆರಡನೇ ಪುಟ ತೆಗೆದ. ತಾರೀಖಿನ ಕೆಳಗೆ ಕನ್ನಡದಲ್ಲಿ ಎರಡು ಸಾಲಿತ್ತು. ಅವನೇ ಓದಿದ, ಇದು ಅವನಿಗೆ ಬರುವ ಭಾಷೆ.

"ನಂದೀಶ್ ಸರ್ ಹೇಳಿದ್ದು. ಬೋರ್ಡಿನಲ್ಲಿ ಟು ಇದ್ದರೆ ಒಳಗೆ ಮನುಷ್ಯ ಇದ್ದಾನೆ, ಸ್ವಿಚ್ ಒತ್ತಬಾರದು."

ಮೇಲೆ ಫ್ಯಾನು ಕಟಕಟ ಎನ್ನುತ್ತಿತ್ತು.

"ಸಾಹೇಬ್ರೆ," ಎಂದ ಆವಲಪ್ಪ, "ಈ ನರೇಶಪ್ಪಂಗೆ ಎರಡರ ವ್ಯತ್ಯಾಸ ಗೊತ್ತು, ಗೊತ್ತು ಅಂದ್ರು. ಇವ್ರಿಗೂ ಗೊತ್ತು. ಬೇರೆಯೋರಿಗೆ ಕಲ್ಸಿಕೊಟ್ಟೋರೇ ಇವ್ರು. ಆದ್ರೆ ಗೊತ್ತಿಲ್ಲ ಅಂತ ಬರ್ದು ಸಹಿ ಹಾಕವ್ರೆ. ಗೊತ್ತಿರೋ ಪಾಠ ಮನುಷ್ಯ ಯಾಕೆ ಮರೀತಾನೆ? ಇವ್ರ ಪಾಠ ಕೇಳಿದ ಇಬ್ಬರಲ್ಲಿ ಒಬ್ಬ ಸತ್ತ, ಇನ್ನೊಬ್ಬ ಕೊಲೆಗಾರ ಅಂತ ಒಳಗೆ ಕುಂತವ್ನೆ. ಅವನ ಮಾತು ಯಾರ್ ನಂಬ್ತಾರೆ ಅಂತ ಧೈರ್ಯ. ಹನುಮೇಶ ಬರೆದಿಟ್ಟಿದ್ದ ಅಂತ ಇವ್ರಿಗೆ ತಿಳೀಲಿಲ್ಲ."

"ಇದೆಲ್ಲ ಊಹೆ," ಎಂದ ನಂದೀಶ್.

"ಇರ್ಬೋದು. ಇದು ಊಹೆ ಅಲ್ಲ." ಆವಲಪ್ಪ ಬೋರ್ಡಿನ ಖಾಲಿ ಜಾಗ ತೋರಿಸಿದ. "ಏಳು ನಲವತ್ತಕ್ಕೆ ಅವನು ಬರೆದ ಟು ಮೇಲೆ ಒಂದು ಬೆರಳು ಕುಂತೈತೆ. ಹಳೇದಲ್ಲ, ಇವತ್ತಿಂದು. ನೀವು ಇವತ್ತು ಬೋರ್ಡಿನ ಹತ್ರಾನೂ ಹೋಗಿಲ್ಲ ಅಂತ ಬೆಳಿಗ್ಗೆನೇ ಬರ್ದ್ಕೊಟ್ಟಿದೀರಿ. ಈಶಪ್ಪನ ಬೆರಳು, ನರೇಶಪ್ಪನ ಬೆರಳು, ನಿಮ್ಮ ಬೆರಳು, ಮೂರೂ ತಗೊಳ್ಳೋಕೆ ಬೆರಳಚ್ಚಿನೋರು ಬರ್ತಾವ್ರೆ. ಕಾಯೋಣ."

ನಂದೀಶ್ ತನ್ನ ಬಲಗೈಯನ್ನು ಮೇಜಿನ ಮೇಲಿಂದ ತೆಗೆದು ತೊಡೆಯ ಕೆಳಗೆ ಇಟ್ಟುಕೊಂಡ. ಇನ್ಸ್‌ಪೆಕ್ಟರ್ ಅದನ್ನು ನೋಡಿದರು. ಅಷ್ಟೊತ್ತಿಗೆ ಅವರಿಗೂ ಕಣ್ಣು ತೆರೆದಿತ್ತು.

"ಸೋಮವಾರ ಅವನೇ ನನ್ನ ಹತ್ರ ಬಂದಿದ್ದ," ಎಂದ ನಂದೀಶ್. "ನಿಮಗೆ ಮೊದ್ಲು ಹೇಳ್ಬೇಕು ಅನ್ನಿಸ್ತು ಸಾರ್, ಗುರುವಾರ ಪತ್ರ ಕೊಡ್ತೀನಿ ಅಂದ. ಕೈ ಮುಗ್ದೆ. ಕೇಳ್ಲಿಲ್ಲ. ಗುಂಡಿ ಸರಿಯಿದೆ ಅಂತ ಪ್ರತಿ ತಿಂಗಳು ಸಹಿ ಹಾಕ್ದೋನು ನಾನು. ಹೋದ ವರ್ಷ ಒಬ್ಬನ ಕೈ ಸುಟ್ಟಿದ್ದನ್ನ ಮುಚ್ಚಿಟ್ಟೋನೂ ನಾನೇ. ಜೈಲಿಗೆ ಹೋಗ್ತಿದ್ದೆ ಸಾರ್."

"ಅದಕ್ಕೆ?"

"ಬೆಳಿಗ್ಗೆ ಅವನು ಒಳಗೆ ತುದೀಲಿ ಗುಡಿಸ್ತಿದ್ದ. ಬಾಗಿಲು ತಳ್ದೆ. ಬೋರ್ಡ್ ಕಣ್ಣಿಗೆ ಬಿತ್ತು." ಅವನು ತೊಡೆಯ ಕೆಳಗಿನ ಕೈ ತೆಗೆದು ಬೆರಳು ನೋಡಿಕೊಂಡ. "ಕೊನೆಗೂ ಸರಿಯಾಗಿ ಬರ್ದಿದ್ದ. ಒಂದು ತಪ್ಪೂ ಇರ್ಲಿಲ್ಲ."

ಆವಲಪ್ಪನಿಗೆ ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಕೈ ಬಿಗಿಹಿಡಿದು ಎದ್ದು ಹೊರಗೆ ನಡೆದ.

* * *

ಸಂಜೆ ಐದಕ್ಕೆ ಆಸ್ಪತ್ರೆಯ ಹಿಂದೆ ಗಾಡಿ ನಿಂತಿತ್ತು. ಹನುಮೇಶನನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ಒಳಗೆ ಮಲಗಿಸಿದ್ದರು. ನಂದೀಶನ ಬೆರಳೇ ಬೋರ್ಡಿನ ಮೇಲಿನದು ಎಂದು ಬೆರಳಚ್ಚಿನವರು ಹೇಳಿಯಾಗಿತ್ತು. ಆವಲಪ್ಪ ಮಲಕವ್ವನಿಗೆ ಎಲ್ಲವನ್ನೂ ಮೊದಲಿನಿಂದ ಹೇಳಿದ. ಆ ಎರಡಕ್ಷರದ ಅರ್ಥವನ್ನು ಎರಡು ಸಲ ಹೇಳಬೇಕಾಯಿತು. ಆಕೆ ತಲೆಯಾಡಿಸಿದಳು.

ಠಾಣೆಯಿಂದ ಬಿಟ್ಟುಕಳಿಸಿದ ಈಶಪ್ಪ ಪೊಲೀಸ್ ಜೀಪಿನಿಂದ ಇಳಿದ. ಹೆಂಡತಿಯಿಂದ ನಾಲ್ಕು ಮಾರು ದೂರದಲ್ಲಿ ನಿಂತುಬಿಟ್ಟ.

"ಒತ್ತಿದ್ದು ಈ ಕೈ ಮಲಕವ್ವ," ಎಂದ. "ಒಳಗ ದಬ ದಬ ಅಂದಂಗಾತು. ಕಂಪ್ರೆಸರ್ ಅಂದ್ಕೊಂಡೆ. ಇದನ್ನ ಸಾಹೇಬ್ರಿಗೂ ಹೇಳಿಲ್ಲ. ನಿನಗ ಹೇಳ್ತೀನಿ."

ಆವಲಪ್ಪ ಮುಖ ಬೇರೆ ಕಡೆ ತಿರುಗಿಸಿದ.

ಮಲಕವ್ವ ಗಾಡಿಯೊಳಗೆ ಬಗ್ಗಿ ಬಿಳಿ ಬಟ್ಟೆಯ ಅಂಚು ಸರಿಮಾಡಿದಳು. ಗಾಡಿಯ ಡ್ರೈವರ್ ಒಂದು ಸಲ ಹಾರ್ನ್ ಮಾಡಿದ, ಆಮೇಲೆ ತಾನೇ ನಾಚಿ ಸುಮ್ಮನಾದ.

"ಒತ್ತಿದಾಂವ ನೀ,"‌ ಎಂದಳು. "ಒತ್ತಿಸಿದಾಂವ ಅಂವ. ಅವ್ವ ಕೇಳಿದ್ರ ಹಿಂಗ ಹೇಳ್ತೀನಿ. ಇವತ್ತ ನಿನ್ನ ಮಾರಿ ನೋಡಾಕ ನನಗ ಆಗವಲ್ದು. ನಾ ಮುಂದ ಕುಂದರ್ತೀನಿ." ಸೆರಗಿನಿಂದ ಮೂಗು ಒರೆಸಿಕೊಂಡು ಗಾಡಿಯ ಹಿಂಬಾಗಿಲು ತೋರಿಸಿದಳು. "ನೀ ಹಿಂದ ಹತ್ತು. ಅವನ ತಲಿ ನಿನ್ನ ತೊಡಿ ಮ್ಯಾಲ ಇಟ್ಕೊ. ಊರ ಹಾದಿ ಭಾಳ ಕುಲುಕತೈತಿ."